ಇಳಿತದ ಹೊತ್ತಿನ ತೂಕ

ಮೂವತ್ತೊಂದು ವರ್ಷ ನಾನು ತೂಗಿದ್ದು ಸ್ಕ್ಯಾಲಪ್,
ಬೀಸಣಿಗೆಯಂಥ ಚಿಪ್ಪಿನೊಳಗಿನ ಬಿಳಿ ಮಾಂಸ.
ಡಿಗ್ಬಿಯ ಕಾರ್ಖಾನೆ, ರಬ್ಬರು ಬೂಟು,
ಮಂಜುಗಡ್ಡೆಯಲ್ಲಿ ಮರಗಟ್ಟಿದ ಬೆರಳು.
ತಟ್ಟೆಗೆ ಬಿದ್ದ ಸದ್ದಿಗೇ ಹೇಳಿಬಿಡುತ್ತಿದ್ದೆ:
ಇದು ಕಡಲು ಕೊಟ್ಟದ್ದು,
ಇದು ರಾತ್ರಿಯೆಲ್ಲ ತೊಟ್ಟಿಯಲ್ಲಿ ನೀರು ಕುಡಿದು ಉಬ್ಬಿದ್ದು.
ಉಬ್ಬಿದ್ದು ತಕ್ಕಡಿಯಲ್ಲಿ ರಾಜ.
ಅದರ ಬಂಡವಾಳ ಬಯಲಾಗುವುದು ಬಾಣಲೆಯಲ್ಲಿ.

ಈಗ ಅಡುಗೆಮನೆಯ ಮೇಜಿನ ಮುಂದೆ
ಕಾಗದ ತೂಗುತ್ತ ಕೂತಿದ್ದೇನೆ.
ಎಲ್ಫೇಜ್ ಬಿಟ್ಟುಹೋದ ಷೇರುಗಳು:
ಬೋಟು ಮಾರಿದ ದುಡ್ಡು, ಲೈಸೆನ್ಸು ಮಾರಿದ ದುಡ್ಡು.
‘ಝೆಲೀ, ಇವು ಬಲೆ ಬೀಸದೆ ಮೀನು ಕೊಡುತ್ತವೆ’ ಎಂದಿದ್ದ.
ಕೊಟ್ಟವು, ಸುಳ್ಳು ಹೇಳಬಾರದು.
ಮೂರು ತಿಂಗಳಿಗೊಮ್ಮೆ
ನೆಲಮಾಳಿಗೆಯ ಒಲೆಗೆ ಒಂದು ಟ್ಯಾಂಕು ಎಣ್ಣೆಯಷ್ಟು,
ಮೇಲೆ ಒಂದು ಬಾಟಲಿ ರಮ್ಮಿನಷ್ಟು.

ಸೆಪ್ಟೆಂಬರಿನಿಂದ ಬೆಲೆ ಜಾರುತ್ತಿದೆ.
ಟೆಲಿಫೋನ್ ಕಂಪನಿಯದು ಅರವತ್ತರಿಂದ ಮೂವತ್ತಕ್ಕೆ ಬಂತು.
ಲಾಭಾಂಶ ಮಾತ್ರ ವರ್ಷಕ್ಕೆ ಅದೇ ಮೂರು ಡಾಲರು.
ಹೋದ ವರ್ಷ ನೂರಕ್ಕೆ ಐದು ಇದ್ದದ್ದು
ಈ ವರ್ಷ ಹತ್ತು.
ತಮ್ಮನ ಮಗ ರೆಮೀ ಹ್ಯಾಲಿಫ್ಯಾಕ್ಸಿನಿಂದ ಕೂಗುತ್ತಾನೆ:
‘ಹತ್ತು, ಅತ್ತೆ! ಯಾವ ಬ್ಯಾಂಕು ಕೊಡುತ್ತದೆ ಹತ್ತು?
ಇರುವುದನ್ನೆಲ್ಲ ಹಾಕಿ ಇನ್ನಷ್ಟು ಕೊಳ್ಳಿ.’

ನಾನು ಕಿಟಕಿಯತ್ತ ನೋಡುತ್ತೇನೆ.
ಫಂಡಿ ಕೊಲ್ಲಿಯಲ್ಲಿ ಇಳಿತದ ಹೊತ್ತು.
ಬೆಳಿಗ್ಗೆ ಕತ್ತಿನವರೆಗೆ ನೀರಲ್ಲಿದ್ದ ದೋಣಿಕಟ್ಟೆ
ಈಗ ಇಗರ್ಜಿಯ ಗೋಪುರದಷ್ಟು ಎತ್ತರ.
ಕಂಬ ಒಂದು ಗೇಣೂ ಬೆಳೆದಿಲ್ಲ, ಮಗೂ.
ನೀರು ಹೋಗಿದೆ, ಅಷ್ಟೇ.

ಕನ್ನಡಕ ಒರೆಸಿ ವರದಿಯ ಹಿಂಬದಿಗೆ ಹೋದೆ
(ಮುಂದಿನ ಪುಟಗಳಲ್ಲಿ ಬರೀ ನಗುವ ಜನ).
ಇರುವೆಯಂಥ ಅಕ್ಷರದಲ್ಲಿತ್ತು:
ದುಡಿದದ್ದು ಎರಡೂವರೆ, ಹಂಚಿದ್ದು ಮೂರು.
ಆ ಅರ್ಧ ಎಲ್ಲಿಂದ ಬಂತು?
ಸಾಲದಿಂದ.
ತೊಟ್ಟಿಯ ನೀರು. ನನ್ನ ಬೆರಳಿಗೆ ಅದರ ಗುರುತಿದೆ.

ಕೊಳವೆ ಕಂಪನಿಯೂ ಬಿದ್ದಿದೆ. ಆದರೆ ಅದು
ಎರಡು ದುಡಿದರೆ ಒಂದು ಕೊಡುತ್ತದೆ,
ನಮ್ಮಮ್ಮನ ಹಾಗೆ, ಉಳಿದದ್ದು ಹಿಟ್ಟಿನ ಡಬ್ಬಿಯ ತಳಕ್ಕೆ.
ಬಿದ್ದರೆ ಬೀಳಲಿ, ಇರಲಿ.
ಬ್ಯಾಂಕಿನದು ನಲವತ್ತು ಪುಟ ಓದಿದೆ.
ಅರ್ಥವಾಗಲಿಲ್ಲ.

ಎಲ್ಫೇಜ್ ಹೊಸ ಹುಡುಗರಿಗೆ ಮೊದಲು ಕಲಿಸುತ್ತಿದ್ದದ್ದು
ಗಂಟು ಹಾಕುವುದನ್ನಲ್ಲ, ಸಡಿಲ ಬಿಡುವುದನ್ನು.
ಇಲ್ಲಿ ನೀರು ನಾಲ್ಕಾಳುದ್ದ ಇಳಿಯುತ್ತದೆ.
ಹಗ್ಗ ಗಿಡ್ಡ ಕಟ್ಟಿದವನ ದೋಣಿ
ನಡುರಾತ್ರಿ ಕಟ್ಟೆಗೆ ನೇತುಬೀಳುತ್ತದೆ,
ಆಗ ಕೊಯ್ದರೂ ನಷ್ಟ, ಬಿಟ್ಟರೂ ನಷ್ಟ.
ಒಂದು ಚಳಿಗಾಲದ ಎಣ್ಣೆಯ ದುಡ್ಡು ಕೈಯಲ್ಲಿದ್ದರೆ
ಕೊಳವೆಯದನ್ನು ಇಳಿತದಲ್ಲಿ ಮಾರಬೇಕಾಗಿಲ್ಲ.
ಬಿಸ್ಕತ್ತಿನ ಡಬ್ಬಿ ಬಗ್ಗಿಸಿ ಎಣಿಸಿದೆ.
ಫೆಬ್ರವರಿಯವರೆಗೆ ಬರುತ್ತದೆ.
ಮಾರ್ಚು ಇಲ್ಲಿ ಬಲು ಉದ್ದ.

ಹಾಗಾಗಿ ನಾಳೆ ಟೆಲಿಫೋನನ್ನು ಮಾರುತ್ತೇನೆ,
ಅರ್ಧ ಬೆಲೆಗೆ. ಕೈ ಕಚ್ಚುತ್ತದೆ, ಕಚ್ಚಲಿ.
ರೆಮೀ ಹಣೆ ಚಚ್ಚಿಕೊಳ್ಳುತ್ತಾನೆ.
ನಾನು ತಪ್ಪಿರಲೂಬಹುದು.
ಎಂಬತ್ತೊಂಬತ್ತರಲ್ಲಿ ಒಮ್ಮೆ
ನೀರು ಕುಡಿದಿದೆಯೆಂದು ಒಂದು ಚೀಲ ತಳ್ಳಿಹಾಕಿದ್ದೆ;
ಒಳ್ಳೆಯ ಮಾಲೇ ಆಗಿತ್ತು ಅದು.
ಆ ದೋಣಿಯವನು ಇವತ್ತಿಗೂ ಅಂಗಡಿಯಲ್ಲಿ
ನನ್ನ ಕಂಡರೆ ಡಬ್ಬಗಳ ಸಾಲಿನತ್ತ ತಿರುಗುತ್ತಾನೆ.

ಎಂಟರ ಹೊತ್ತಿಗೆ ನೀರು ಮರಳಿ ಬಂದಿತ್ತು.
ಕಟ್ಟೆ ಮತ್ತೆ ಗಿಡ್ಡ.
ಕೆಳಗೆ ಒಲೆ ಗುಡ್ ಎಂದು ಹೊತ್ತಿಕೊಂಡಿತು,
ದುಡ್ಡು ಉರಿಯುವ ಸದ್ದು.
ಕಾಗದಗಳನ್ನು ಸರಿಸಿ
ಎರಡೂ ಅಂಗೈ ಜಾಲರಿಯ ಮೇಲೆ ಹಿಡಿದೆ.